ಎರಡು ನಿಮಿಷ ಅರವತ್ತೊಂಬತ್ತು ಸೆಕೆಂಡು

ಈ ಸಂಗತಿಯನ್ನು ನಾನು ಹೇಳಿದಾಗಲೆಲ್ಲ ಹೊರಗೆ ಮಳೆ ಸುರಿಯುತ್ತಿರುತ್ತದೆ. ನಿಜಕ್ಕೂ ಸುರಿದಿರಲಾರದು. ಮಳೆ ಬಂದರೆ ಮಲಾಡಿನ ಆ ಗಲ್ಲಿಯಲ್ಲಿ ಪಾದ ಮುಳುಗುವಷ್ಟು ನೀರು ನಿಲ್ಲುತ್ತಿತ್ತು. ಅಂದು ನಾನು ಅದೇ ಗಲ್ಲಿಯಲ್ಲಿ ಓಡಿದ್ದೇನೆ, ಕಾಲು ಒದ್ದೆಯಾದ ನೆನಪಿಲ್ಲ. ಆದ್ದರಿಂದ ಮಳೆಯನ್ನು ತೆಗೆದುಹಾಕುತ್ತೇನೆ. ತೆಗೆದರೆ ಏನೋ ಬೋಳು ಬೋಳು ಅನ್ನಿಸುತ್ತದೆ, ಅನ್ನಿಸಲಿ.

ಸ್ಯಾಟಲೈಟ್ ಚಾನೆಲ್ಲುಗಳು ಬಂದ ಹೊಸತು. ಮುಂಬಯಿಯಲ್ಲಿ ಒಂದು ಫ್ಲ್ಯಾಟು, ಎರಡು ಮೆಷಿನ್ನು ಇದ್ದವರೆಲ್ಲ ಸ್ಟುಡಿಯೋ ತೆರೆಯುತ್ತಿದ್ದ ಕಾಲ. ನಮ್ಮದು ಸ್ಟೇಷನ್ನಿಂದ ಹತ್ತು ನಿಮಿಷದ ಹಾದಿಯಲ್ಲಿ, ಒಂದು ಬಿಲ್ಡಿಂಗಿನ ಮೊದಲನೆಯ ಮಹಡಿಯಲ್ಲಿತ್ತು. ಮಲಗುವ ಕೋಣೆಯೇ ಎಡಿಟಿಂಗ್ ರೂಮು. ಹಾಲಿನಲ್ಲಿ ಮೇಡಂ ಕೂರುತ್ತಿದ್ದರು. ಸ್ಟುಡಿಯೋ ಅವರದು, ಸೀರಿಯಲ್ಲೂ ಅವರದೇ. ಅಡುಗೆಮನೆಯಲ್ಲಿ ಗ್ಯಾಸ್ ಒಲೆ ಇರಬೇಕಾದ ಕಡಪಾ ಕಲ್ಲಿನ ಕಟ್ಟೆಯ ಮೇಲೆ ಸರ್ವರ್ ಕೂತಿತ್ತು. ಸರ್ವರ್ ಎಂದು ಅದನ್ನು ಮಾರಿದವರು ಮಾತ್ರ ಕರೆಯುತ್ತಿದ್ದರು. ನಮಗೆಲ್ಲ ಅದು ‘ಬಡಾ ಡಬ್ಬಾ’. ಅದರ ಪಕ್ಕದ ಸಿಂಕಿನ ನಲ್ಲಿಗೆ ನೀರು ಬರದ ಹಾಗೆ ಬಟ್ಟೆ ಸುತ್ತಿ ಕಟ್ಟಿದ್ದರು. ಪಾತ್ರೆ ಇಡುವ ಕಪಾಟಿನಲ್ಲಿ ಟೇಪುಗಳಿದ್ದವು. ನನ್ನ ಮೇಜು ಅಲ್ಲೇ, ಕಿಟಕಿಯ ಕೆಳಗೆ. ಮೈಸೂರಿನಿಂದ ಕುರ್ಲಾದ ಅಕ್ಕನ ಮನೆಗೆ ಬಂದು, ಅಲ್ಲಿಂದ ದಾದರ್‌ನಲ್ಲಿ ಗಾಡಿ ಬದಲಿಸಿ ದಿನಾ ಮಲಾಡಿಗೆ ಹೋಗಿ, ನಾನು ಮತ್ತೆ ಒಂದು ಅಡುಗೆಮನೆಗೇ ಸೇರಿದೆ ಎಂದು ಭಾವ ನಗುತ್ತಿದ್ದರು.

ನನ್ನ ಕೆಲಸ ಸುಲಭದ್ದು. ಶೂಟಿಂಗ್ ಮುಗಿದ ಟೇಪುಗಳನ್ನು ಅಸಿಸ್ಟೆಂಟ್ ಡೈರೆಕ್ಟರ್ ಟೀವಿಯಲ್ಲಿ ಓಡಿಸಿ ನೋಡುತ್ತ, ಒಳ್ಳೆಯ ಶಾಟು ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂದು ಕೂಗಿ ಹೇಳುತ್ತಿದ್ದರು: ಇಂಥ ಟೇಪು, ಇಷ್ಟು ನಿಮಿಷ, ಇಷ್ಟು ಸೆಕೆಂಡು. ನಾನು ಅದನ್ನು ಡಬ್ಬಾದ ಪಟ್ಟಿಗೆ ಟೈಪ್ ಮಾಡುತ್ತಿದ್ದೆ. ಅಡುಗೆಮನೆಯಿಂದ ಒಂದು ಕಪ್ಪು ಕೇಬಲ್ಲು ಬಾಗಿಲ ಸಂದಿಯಲ್ಲಿ ತೂರಿ ಎಡಿಟಿಂಗ್ ರೂಮಿಗೆ ಹೋಗುತ್ತಿತ್ತು. ಅಲ್ಲಿನ ಕಂಪ್ಯೂಟರು ಆ ಪಟ್ಟಿಯನ್ನು ನೋಡಿಯೇ ಯಾವ ಟೇಪು ಎಲ್ಲಿಗೆ ಸುತ್ತಬೇಕು ಎಂದು ಮೆಷಿನ್ನಿಗೆ ಹೇಳುತ್ತಿತ್ತು. ಪಟ್ಟಿ ಸಿಗದಿದ್ದರೆ ಎಡಿಟಿಂಗ್ ಸಾಫ್ಟ್‌ವೇರ್ ತೆರೆದುಕೊಳ್ಳುತ್ತಲೇ ಇರಲಿಲ್ಲ. ಬೀಗ ಒಂದು ಕೋಣೆಯಲ್ಲಿ, ಬೀಗದಕೈ ಇನ್ನೊಂದು ಕೋಣೆಯಲ್ಲಿ ಇದ್ದಂತೆ.

ಕೆಲಸಕ್ಕೆ ಸೇರುವಾಗ ಮೇಡಂ ಒಂದೇ ಪ್ರಶ್ನೆ ಕೇಳಿದ್ದರು: ಹಿಂದಿ ಬರುತ್ತದಾ? ನಾನು ಮೈಸೂರಿನಲ್ಲಿ ಹಿಂದಿಯ ನಾಲ್ಕು ಪರೀಕ್ಷೆ ಪಾಸು ಮಾಡಿದವಳು. ಗ್ರಂಥಾಲಯದ ಉಪಯೋಗಗಳ ಮೇಲೆ ಮೂರು ಪುಟದ ಪ್ರಬಂಧ ಹಿಂದಿಯಲ್ಲಿ ಬರೆದಿದ್ದೆ. ಬರುತ್ತದೆ ಎಂದೆ. ಅದು ಸುಳ್ಳಾಗಿರಲಿಲ್ಲ, ಆಗ.

ಸ್ಟುಡಿಯೋದಲ್ಲಿ ಯಾರಿಗೂ ಹೆಸರಿರಲಿಲ್ಲ, ಊರಿತ್ತು. ನಾನು ಮೈಸೂರು. ಅಸಿಸ್ಟೆಂಟ್ ಡೈರೆಕ್ಟರ್ ಲಖನೌ. ಎಡಿಟರ್ ಧಾರವಾಡ. ಇಪ್ಪತ್ತೆಂಟೋ ಮೂವತ್ತೋ ವಯಸ್ಸಿನ ಈ ಧಾರವಾಡದವರು ಏಳು ವರ್ಷ ದೊಡ್ಡ ಎಡಿಟರ್ ಒಬ್ಬರ ಪಕ್ಕದಲ್ಲಿ ಕೂತು ಟೇಪು ಬದಲಿಸಿದವರು. ಆ ದೊಡ್ಡ ಎಡಿಟರ್ ಮದರಾಸಿಗೆ ಹೋಗಿದ್ದರು. ಹದಿಮೂರು ಕಂತುಗಳ ಸೀರಿಯಲ್ಲಿನ ಮೊದಲ ಕಂತನ್ನು ಮೇಡಂ ಇವರ ಕೈಗೆ ಕೊಟ್ಟು, ಒಂದು ಮಾತು ಹೇಳಿದ್ದರು: ಶುಕ್ರವಾರ ಸಂಜೆ ಐದರೊಳಗೆ ಟೇಪು ಚರ್ಚ್‌ಗೇಟಿನ ಟೀವಿ ಕಂಪನಿ ಆಫೀಸಿನಲ್ಲಿ ಇದ್ದರೆ, ಉಳಿದ ಹನ್ನೆರಡೂ ನಿಮ್ಮವು, ಇಲ್ಲದಿದ್ದರೆ ಸೋಮವಾರ ಮದರಾಸಿನಿಂದ ಅವರು ಬರುತ್ತಾರೆ, ನೀವು ಮತ್ತೆ ಪಕ್ಕದ ಕುರ್ಚಿಗೆ. ಇದನ್ನು ಧಾರವಾಡದವರು ನನಗೆ ಹೇಳಿದ್ದು ಬಟಾಟಾವಡೆ ತಿನ್ನುತ್ತ, ಏನೂ ದೊಡ್ಡದಲ್ಲ ಎನ್ನುವ ಹಾಗೆ. ಆದರೆ ಆ ವಾರ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರತೊಡಗಿದ್ದರು.

ಆ ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ ಬಡಾ ಡಬ್ಬಾ ನಿಂತಿತು.

ನಿಂತಿತು ಎಂದರೆ ಆರಿಹೋಗಲಿಲ್ಲ. ದಿನಾ ಬೆಳಿಗ್ಗೆ ಹಚ್ಚಿದ ಕೂಡಲೇ ಅದು ಪಟ್ಟಿಯಲ್ಲಿರುವ ಶಾಟುಗಳನ್ನೆಲ್ಲ ಮೊದಲಿಂದ ಕೊನೆಯತನಕ ಓದಿ, ಸಾಲಾಗಿ ಜೋಡಿಸಿಕೊಳ್ಳುತ್ತಿತ್ತು. ಹಾಗೆ ಓದುವಾಗ ಪರದೆಯ ಮೂಲೆಯಲ್ಲಿ ಅಂಕಿಗಳು ಓಡುತ್ತಿದ್ದವು. ಆ ದಿನ ಅಂಕಿ ಆರುನೂರ ನಲವತ್ತಕ್ಕೆ ಬಂದು ಕೂತಿತು. ಹಸಿರು ಅಕ್ಷರ, ಮಿಟುಕುವ ಗೆರೆ, ಒಳಗೆ ಗುರ್ ಎನ್ನುವ ಸದ್ದು, ಅಷ್ಟೇ. ಅತ್ತ ಎಡಿಟಿಂಗ್ ರೂಮಿನಿಂದ ಧಾರವಾಡದವರ ದನಿ ಬಂತು: ಪಟ್ಟಿ ಸಿಗವಲ್ದು ಅಂತ ಬರಾಕತ್ತೇತ್ರೀ ಇಲ್ಲಿ.

ಆರಿಸಿ ಹಚ್ಚಿದೆವು. ಆರುನೂರ ನಲವತ್ತು. ಮತ್ತೆ ಆರಿಸಿ, ಹತ್ತು ನಿಮಿಷ ಬಿಟ್ಟು ಹಚ್ಚಿದೆವು. ಆರುನೂರ ನಲವತ್ತು.

ಇಂಥ ಹೊತ್ತಿನಲ್ಲಿ ಎಲ್ಲರೂ ಇಂಜಿನಿಯರುಗಳೇ. ಮೇಡಂ ಹಾಲಿನಿಂದ ಟೇಬಲ್ ಫ್ಯಾನು ತಂದು ಡಬ್ಬಾದ ಮುಖಕ್ಕೆ ಹಿಡಿದರು. ಜ್ವರ ಬಂದ ಮಗುವಿಗೆ ಗಾಳಿ ಹಾಕುವಂತೆ ಅದರ ಮೇಲೆ ಕೈಯಿಟ್ಟೂ ನೋಡಿದರು. ಲಖನೌದವರು ಕಪ್ಪು ಕೇಬಲ್ಲನ್ನು ಅಡುಗೆಮನೆಯಿಂದ ಮಲಗುವ ಕೋಣೆಯವರೆಗೆ ಬೆರಳಲ್ಲಿ ಸವರುತ್ತ ಮಂಡಿಯೂರಿ ಹೋದರು. ಇಲಿ ಕಡಿದಿರುತ್ತದೆ ಎಂಬುದು ಅವರ ವಾದ. ಇಲಿ ಕಡಿದಿರಲಿಲ್ಲ, ಆದರೆ ಕಳೆದ ದೀಪಾವಳಿಯಲ್ಲಿ ಮೇಡಂ ಕಳೆದುಕೊಂಡಿದ್ದ ಪೆನ್ನು ಸೋಫಾದಡಿ ಸಿಕ್ಕಿತು. ಕೆಳಗಿನ ವಾಚ್‌ಮನ್ ಬಂದು, ಬಾಗಿಲಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ದೀರಿ, ಡಬ್ಬಾಕ್ಕೆ ಕಟ್ಟಿಲ್ಲವಲ್ಲ ಎಂದ. ಎಲ್ಲರೂ ನಕ್ಕರು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಬಾಗಿಲಲ್ಲಿದ್ದದ್ದು ಡಬ್ಬಾದ ಹಿಂದೆ ತೂಗುತ್ತಿತ್ತು. ಕಟ್ಟಿದವರು ಯಾರೆಂದು ಇವತ್ತಿಗೂ ಯಾರೂ ಒಪ್ಪಿಕೊಂಡಿಲ್ಲ. ನಾನಂತೂ ಅಲ್ಲ. ಇರಬಹುದು ಕೂಡ.

ಧಾರವಾಡದವರು ಮಾತ್ರ ಏನೂ ಮುಟ್ಟಲಿಲ್ಲ. ಕಂತಿನ ಮುಕ್ಕಾಲು ಭಾಗ ಅವರು ಕತ್ತರಿಸಿ ಜೋಡಿಸಿದ್ದರು. ಉಳಿದದ್ದು ಕೊನೆಯ ಏಳು ನಿಮಿಷ. ಆ ಏಳು ನಿಮಿಷದ ಟೇಪುಗಳು ಗುರುವಾರವಷ್ಟೇ ಬಂದು, ಗುರುವಾರವೇ ನಾನು ಪಟ್ಟಿಗೆ ಹಾಕಿದವು. ಅದರಲ್ಲಿ ಒಂದು ದೃಶ್ಯವನ್ನು ಅವರು ಗುರುವಾರ ಸಂಜೆಯೇ ಮುಗಿಸಿದ್ದರು. ಈಗ ಗೋಡೆಯ ಗಡಿಯಾರದ ಕಡೆಗೆ ಬೆನ್ನು ಮಾಡಿ ಕೂತಿದ್ದರು. ಟೇಪು ಮಲಾಡಿನಿಂದ ಮೂರೂವರೆಗಾದರೂ ಹೊರಡಬೇಕು. ಎಲ್ಲರೂ ಅದನ್ನು ಒಮ್ಮೊಮ್ಮೆ ಹೇಳಿಯಾಗಿತ್ತು, ಅವರೊಬ್ಬರನ್ನು ಬಿಟ್ಟು.

ಹತ್ತೂಮುಕ್ಕಾಲಿಗೆ ಗ್ರಾಂಟ್ ರೋಡಿಗೆ ಫೋನು ಸಿಕ್ಕಿತು. ಡಬ್ಬಾವನ್ನೂ ಸಾಫ್ಟ್‌ವೇರನ್ನೂ ಮಾರಿದವರ ಅಂಗಡಿ ಅಲ್ಲಿ. ಅಲ್ಲಿನ ಇಂಜಿನಿಯರನ್ನೂ ನಾವು ಗ್ರಾಂಟ್ ರೋಡ್ ಎಂದೇ ಕರೆಯುತ್ತಿದ್ದದ್ದು. ಅವರು ತಾಳ್ಮೆಯ ಮನುಷ್ಯ. ಎಲ್ಲವನ್ನೂ ಕೇಳಿಸಿಕೊಂಡು, ಪ್ರತಿ ಸಲವೂ ಅದೇ ಅಂಕಿಗೆ ನಿಲ್ಲುತ್ತದಾ ಎಂದು ಕೇಳಿದರು. ಹೌದು ಎಂದೆ. ಹಾಗಾದರೆ ಫ್ಯಾನು ತೆಗೆಯಿರಿ, ಬಿಸಿಯಾಗಿ ನಿಲ್ಲುವ ಮೆಷಿನ್ನು ಒಂದೊಂದು ಸಲ ಒಂದೊಂದು ಕಡೆ ನಿಲ್ಲುತ್ತದೆ ಎಂದರು. ಕೇಬಲ್ಲೂ ಅಲ್ಲ. ಆರುನೂರ ನಲವತ್ತನ್ನು ಓದಿ, ಮುಂದಿನ ಸಾಲಿನಲ್ಲಿ ಎಡವಿದೆ. ಆ ಸಾಲಿನಲ್ಲಿ ಏನೋ ಇದೆ. ಪಟ್ಟಿಯನ್ನು ನೇರವಾಗಿ ತೆರೆದು ನೋಡುವ ದಾರಿಯನ್ನು ಅವರು ಒಂದೊಂದೇ ಅಕ್ಷರವಾಗಿ ಹೇಳಿದರು, ನಾನು ಟೈಪ್ ಮಾಡಿದೆ. ಆರುನೂರ ನಲವತ್ತೊಂದನೆಯ ಸಾಲು ಬಂತು.

ಇಲ್ಲಿ ನಾನು ಸ್ವಲ್ಪ ನಿಧಾನಿಸುತ್ತೇನೆ. ಎಷ್ಟೋ ಸಲ ಹೇಳಿ ಹೇಳಿ, ಈ ಜಾಗ ನನ್ನ ಬಾಯಲ್ಲಿ ನುಣುಪಾಗಿಬಿಟ್ಟಿದೆ, ನಡೆದದ್ದು ಅಷ್ಟು ನುಣುಪಾಗಿರಲಿಲ್ಲ. ಫೋನು ಹಾಲಿನಲ್ಲಿತ್ತು, ಡಬ್ಬಾ ಅಡುಗೆಮನೆಯಲ್ಲಿ. ನಾನು ಸಾಲನ್ನು ನೋಡಿಕೊಂಡು ಹಾಲಿಗೆ ಓಡಿ ಹೇಳಬೇಕು, ಅವರು ಕೇಳಿದ್ದನ್ನು ಮತ್ತೆ ಒಳಗೆ ಓಡಿ ನೋಡಬೇಕು. ಟೇಪಿನ ನಂಬರು ಸರಿ ಇದೆಯಾ? ಇದೆ. ಖಾಲಿ ಬಿಟ್ಟಿದ್ದೀರಾ? ಇಲ್ಲ. ಸಮಯ ಏನಿದೆ? ಮೇಡಂ ಪಕ್ಕದಲ್ಲೇ ನಿಂತಿದ್ದರು. ನಾನು ಎದೆ ಸೆಟೆಸಿ, ಪರೀಕ್ಷೆಯಲ್ಲಿ ಪಾಸಾದ ಹಿಂದಿಯಲ್ಲೇ ಉತ್ತರ ಕೊಟ್ಟೆ: “ದೋ ಮಿನಿಟ್, ಉನ್‌ಸಠ್ ಸೆಕೆಂಡ್.”

ಅವರು ಮತ್ತೊಮ್ಮೆ ಕೇಳಿದರು. ಉನ್‌ಸಠ್? ಸರಿಯಾಗಿ ನೋಡಿದಿರಾ, ಅದಕ್ಕಿಂತ ಮೇಲಿಲ್ಲ ತಾನೇ?

ನಾನು ಒಳಗೆ ಓಡಿ ಮತ್ತೊಮ್ಮೆ ನೋಡಿದೆ. ಆರು, ಒಂಬತ್ತು. ಹೊರಗೆ ಓಡಿ, ಉನ್‌ಸಠ್ಠೇ, ಮೇಲೂ ಇಲ್ಲ ಕೆಳಗೂ ಇಲ್ಲ ಎಂದೆ.

ಗ್ರಾಂಟ್ ರೋಡ್ ಉಸಿರು ಬಿಟ್ಟದ್ದು ಫೋನಿನಲ್ಲಿ ಕೇಳಿಸಿತು. ಹಾಗಿದ್ದರೆ ಬರೆದದ್ದು ಸರಿ ಇದೆ, ಡಿಸ್ಕಿನಲ್ಲೇ ಆ ಜಾಗ ಕೆಟ್ಟಿದೆ. ಅವರು ಬೇರೆ ಡಿಸ್ಕು ತೆಗೆದುಕೊಂಡು ಬರುತ್ತಾರೆ, ಮೂರು ಗಂಟೆಯೊಳಗೆ ತಲುಪಬಹುದು, ಹಳೆಯದರಿಂದ ಹೊಸದಕ್ಕೆ ಎಲ್ಲ ತುಂಬಿಸಲು ಸಂಜೆಯಾಗುತ್ತದೆ. ಮೇಡಂಗೆ ಇದನ್ನು ನಾನೇ ಹೇಳಬೇಕಾಯಿತು. ಅವರು ಫ್ಯಾನನ್ನು ಎತ್ತಿಕೊಂಡು ತಮ್ಮ ಮೇಜಿಗೆ ಹೋದರು.

ಧಾರವಾಡದವರು ಅಡುಗೆಮನೆಗೆ ಬಂದು, ಕಪಾಟಿನಿಂದ ಗುರುವಾರದ ಟೇಪುಗಳನ್ನು ಇಳಿಸಿಕೊಂಡರು. ಸಾಫ್ಟ್‌ವೇರ್ ಇಲ್ಲದಿದ್ದರೆ ಬೇಡ, ಮೆಷಿನ್ನಿನ ಗುಂಡಿ ತಿರುಗಿಸಿ ಕೈಯಿಂದಲೇ ಒಂದೊಂದು ಶಾಟು ಹುಡುಕಿ ಜೋಡಿಸುತ್ತೇನೆ, ಏಳು ವರ್ಷ ಅದನ್ನೇ ಮಾಡಿದ್ದೇನೆ ಎಂದರು. ಮೂರೂವರೆಯೊಳಗೆ ಆಗುತ್ತದಾ ಎಂದು ನಾನು ಕೇಳಲಿಲ್ಲ. ಆಗುವುದಿಲ್ಲ ಎಂಬುದು ಅವರು ಟೇಪುಗಳನ್ನು ಎಣಿಸಿದ ರೀತಿಯಲ್ಲೇ ಇತ್ತು. ನನ್ನ ಮೇಜಿನ ತುದಿಗೆ ಒಂದು ಕಾಗದ ಇಟ್ಟು, ಪಟ್ಟಿ ಪರದೆಯ ಮೇಲೆ ತೆರೆದೇ ಇದೆಯಲ್ಲ, ಓದುತ್ತ ಹೋಗಿ, ಬರೆದುಕೊಳ್ಳುತ್ತೇನೆ ಎಂದರು. ಕನ್ನಡದಲ್ಲೇ ಓದಿ ಎಂದೂ ಸೇರಿಸಿದರು, ಬೆಳಗಿನಿಂದ ಹಿಂದಿ ಕೇಳಿ ಕೇಳಿ ತಲೆ ಕೆಟ್ಟಿತ್ತೇನೋ.

ಆ ಹಾಳು ಸಾಲೇ ಎದುರಿಗಿತ್ತು. ಅಲ್ಲಿಂದಲೇ ಶುರು ಮಾಡಿದೆ.

“ನಾಲ್ಕನೇ ಟೇಪು. ಎರಡು ನಿಮಿಷ ಅರವತ್ತೊಂಬತ್ತು ಸೆಕೆಂಡು.”

ಪೆನ್ಸಿಲ್ ನಿಂತಿತು.

“ಎಷ್ಟ್ರೀ?”

“ಅರವತ್ತೊಂಬತ್ತು.”

ಅವರು ತಲೆಯೆತ್ತಿ ನನ್ನನ್ನು ನೋಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಬಸ್ಸಿನಲ್ಲಿ ಪಕ್ಕ ಕೂತವರ ಊರು ಕೇಳುವ ಸೌಜನ್ಯವಿತ್ತು.

“ನಿಮಿಷಕ್ಕ ಎಷ್ಟ ಸೆಕೆಂಡ್ರೀ ಅಕ್ಕಾರ, ನಿಮ್ಮ ಮೈಸೂರಾಗ? ನಮ್ಮ ಧಾರವಾಡದಾಗ ಇನ್ನೂ ಅರವತ್ತ ಅದಾವ.”

ನಾನು ಪರದೆ ನೋಡಿದೆ. ಆರು, ಒಂಬತ್ತು. ಬೆಳಗಿನಿಂದ ನಾಲ್ಕು ಸಲ ನೋಡಿದ್ದೆ. ಅಂಕಿಯನ್ನು ನೋಡಿದ್ದೆ, ಎಷ್ಟು ಎಂದು ನೋಡಿರಲಿಲ್ಲ.

“ಲಖನೌದವ್ರು ಹೇಳಿದ್ದನ್ನೇ ಹೊಡ್ದಿದೀನಿ,” ಎಂದೆ. “ಉನ್‌ಸಠ್ ಅಂದ್ರು.”

“ಉನ್‌ಸಠ್ ಅಂದ್ರ?”

“ಸಾಠ್ ಅರವತ್ತು. ಉನ್ ಅಂದ್ರೆ ಒಂಬತ್ತು. ಅರವತ್ತೊಂಬತ್ತು.”

ಅವರು ಟೇಪುಗಳ ಮೇಲೆ ಕೈಯೂರಿ ಮೆಲ್ಲಗೆ ಕೆಳಗೆ, ನೆಲದ ಮೇಲೆ ಕೂತರು. ಆಮೇಲೆ ನಗತೊಡಗಿದರು. ಶಬ್ದವಿಲ್ಲದ ನಗು, ಭುಜ ಮಾತ್ರ ಕುಣಿಯುತ್ತಿತ್ತು. ನಾನು ಅವರು ಅಳುತ್ತಿದ್ದಾರೆಂದೇ ತಿಳಿದು ಲೋಟದಲ್ಲಿ ನೀರು ತಂದೆ.

ಕನ್ನಡದವರ ಲೆಕ್ಕ ಮೇಲಕ್ಕೆ ಹತ್ತುತ್ತದೆ. ಐವತ್ತು, ಐವತ್ತೊಂದು, ಐವತ್ತೆರಡು, ಕೊನೆಗೆ ಐವತ್ತೊಂಬತ್ತು: ಹೆಸರಿನಲ್ಲಿ ಐವತ್ತು ಇದ್ದರೆ ಅದು ಐವತ್ತರ ಮನೆಯದು. ಹಿಂದಿಯವರು ಒಂಬತ್ತರ ಹತ್ತಿರ ಬಂದಾಗ ಮಾತ್ರ ಮುಂದಿನ ಮನೆಯ ಬಾಗಿಲಲ್ಲಿ ನಿಂತು, ಒಂದು ಕಮ್ಮಿ ಎನ್ನುತ್ತಾರೆ. ಉನ್‌ಸಠ್ ಎಂದರೆ ಅರವತ್ತಕ್ಕೆ ಒಂದು ಕಮ್ಮಿ, ಐವತ್ತೊಂಬತ್ತು. ಇದನ್ನು ಯಾವ ಪರೀಕ್ಷೆಯೂ ನನಗೆ ಕಲಿಸಿರಲಿಲ್ಲ. ಪರೀಕ್ಷೆಯಲ್ಲಿ ಅಂಕಿಗಳನ್ನು ಅಂಕಿಯಲ್ಲೇ ಬರೆಯುತ್ತಿದ್ದೆವು. ಉನ್ನೀಸ್ ಎಂದರೆ ಹತ್ತೊಂಬತ್ತು ಎಂಬುದೇನೋ ಗೊತ್ತಿತ್ತು. ಅದು ಅಪವಾದವೆಂದು ತಿಳಿದಿದ್ದೆ. ಹಿಂದಿಯಲ್ಲಿ ಅಪವಾದಗಳಿಗೆ ಬರವೇ? ಮುಂಚಿನ ಅಸಿಸ್ಟೆಂಟ್ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಲಖನೌದವರು ಬಂದದ್ದು ಆ ಬುಧವಾರ. ಅವರ ಬಾಯಿಂದ ಮೊದಲ ಟೇಪು ನಾನು ಕೇಳಿದ್ದು ಗುರುವಾರ.

ಧಾರವಾಡದವರೇ ಆರನ್ನು ಅಳಿಸಿ ಐದು ಹಾಕಿದರು. ಡಬ್ಬಾ ಆರಿಸಿ ಹಚ್ಚಿದೆವು. ಆರುನೂರ ನಲವತ್ತು, ಆರುನೂರ ನಲವತ್ತೊಂದು. ಆಮೇಲೆ ಕಣ್ಣಿಗೆ ನಿಲುಕದಷ್ಟು ವೇಗವಾಗಿ ಓಡಿ ಕೊನೆ ಮುಟ್ಟಿತು. ಮಲಗುವ ಕೋಣೆಯಲ್ಲಿ ಸಾಫ್ಟ್‌ವೇರ್ ತೆರೆದುಕೊಂಡ ಸಣ್ಣ ಘಂಟೆಯ ಸದ್ದು ಬಂತು. ಲಖನೌದವರು ಚಪ್ಪಾಳೆ ತಟ್ಟಿದರು. ನಾನು ಗ್ರಾಂಟ್ ರೋಡಿಗೆ ಫೋನು ಮಾಡಿ, ಅವರು ಡಿಸ್ಕು ಹಿಡಿದು ಅಂಗಡಿ ಬಿಡುವ ಮೊದಲೇ ಸಿಕ್ಕಿ, ವಿಷಯ ಹೇಳಿದೆ. ನೀವೇ ಉನ್‌ಸಠ್ ಎಂದಿರಲ್ಲ, ಎರಡು ಸಲ ಕೇಳಿದೆನಲ್ಲ ಎಂದರು. ನಾನು ಎರಡು ಸಲವೂ ಅರವತ್ತೊಂಬತ್ತೇ ಹೇಳಿದ್ದೆ ಎಂದೆ. ಆಮೇಲೆ ಅವರು ಫೋನು ಪಕ್ಕಕ್ಕಿಟ್ಟು ಅಂಗಡಿಯವರಿಗೆಲ್ಲ ಅದನ್ನು ಹೇಳುತ್ತಿರುವುದು, ಒಬ್ಬೊಬ್ಬರಾಗಿ ನಗುತ್ತಿರುವುದು ಸ್ಪಷ್ಟವಾಗಿ ಕೇಳಿಸಿತು.

ಕತೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಧಾರವಾಡದವರು ಎಡಿಟಿಂಗ್ ರೂಮಿನಿಂದ ಮತ್ತೆ ಬಂದರು. ಈಗ ನಗು ಇರಲಿಲ್ಲ.

ಉನ್‌ತೀಸ್ ಅಂದರೆ ಎಷ್ಟು ಹೊಡೆದಿದ್ದೀರಿ ಎಂದು ಕೇಳಿದರು. ತೀಸ್ ಮೂವತ್ತು. ಮೂವತ್ತೊಂಬತ್ತು. ಉನ್‌ತಾಲೀಸ್? ನಲವತ್ತೊಂಬತ್ತು. ಉನಚಾಸ್? ಐವತ್ತೊಂಬತ್ತು. ಅರವತ್ತೊಂಬತ್ತಿನಲ್ಲಿ ಡಬ್ಬಾ ಎಡವಿತ್ತು, ಏಕೆಂದರೆ ಅಂಥ ಸೆಕೆಂಡು ಲೋಕದಲ್ಲಿಲ್ಲ. ಮೂವತ್ತೊಂಬತ್ತು, ನಲವತ್ತೊಂಬತ್ತು, ಐವತ್ತೊಂಬತ್ತು ಎಲ್ಲ ಲೋಕದಲ್ಲಿವೆ. ಅವು ಸದ್ದಿಲ್ಲದೆ ಒಳಗೆ ಹೋಗಿ ಕೂತಿದ್ದವು. ಗುರುವಾರದ ಟೇಪುಗಳಲ್ಲಿ ಒಂಬತ್ತರಲ್ಲಿ ಮುಗಿಯುವ ಸಮಯಗಳಲ್ಲಿ ಉನ್ನೀಸ್‌ವರೆಗಿನವನ್ನು ಬಿಟ್ಟು ಮಿಕ್ಕವೆಲ್ಲ ಹತ್ತು ಸೆಕೆಂಡು ಮುಂದಕ್ಕೆ ಸರಿದಿದ್ದವು.

ಸಮಾಧಾನವೆಂದರೆ ತಪ್ಪು ಅಚ್ಚುಕಟ್ಟಾಗಿತ್ತು. ನಾನು ಎಲ್ಲಿಯೂ ಅಕಸ್ಮಾತ್ತಾಗಿ ಸರಿ ಬರೆದಿರಲಿಲ್ಲ. ಆದ್ದರಿಂದ ಹುಡುಕುವುದು ಸುಲಭವಾಯಿತು. ಹತ್ತೊಂಬತ್ತು ದಾಟಿದ ಮೇಲೆ ಒಂಬತ್ತು ಕಂಡಲ್ಲೆಲ್ಲ ಹತ್ತು ಕಳೆದರೆ ಮುಗಿಯಿತು. ನಾನು ಒಂದೊಂದೇ ಸಾಲು ತೆರೆದು ತಿದ್ದುತ್ತ ಹೋದೆ. ಲಖನೌದವರು ಪಕ್ಕದಲ್ಲಿ ನಿಂತು ಟೇಪು ಓಡಿಸಿ ತಾಳೆ ನೋಡಿದರು. ಅವರಿಗೆ ತಮ್ಮ ಹಿಂದಿಯಿಂದಲೇ ಇದೆಲ್ಲ ಆಯಿತೆಂದು ನಾಚಿಕೆ, ನನಗೆ ನನ್ನ ಹಿಂದಿಯಿಂದ. ಇಬ್ಬರೂ ಒಬ್ಬರಿಗೊಬ್ಬರು ಕ್ಷಮೆ ಕೇಳುತ್ತ ಊಟದ ಡಬ್ಬಿಯನ್ನೂ ತೆರೆಯಲಿಲ್ಲ. ಹನ್ನೆರಡೂಮುಕ್ಕಾಲಿಗೆ ಪಟ್ಟಿ ಸರಿಯಾಯಿತು.

ಮಿಕ್ಕದ್ದು ಆ ಗುರುವಾರ ಸಂಜೆ ಮುಗಿಸಿದ್ದ ದೃಶ್ಯ. ಅದು ತಪ್ಪು ಪಟ್ಟಿಯಿಂದ ಕಟ್ಟಿದ್ದು.

ದೃಶ್ಯ ಇಷ್ಟೇ. ಸೊಸೆ ಕೆಲಸಕ್ಕೆ ಸೇರುವ ವಿಷಯ ಹೇಳುತ್ತಾಳೆ. ಅತ್ತೆ ಚಹಾ ಸೋಸುತ್ತ ಅವಳಿಗೆ ಒಂದು ಉದ್ದ ಮಾತು ಹೇಳಿ, ಸುಮ್ಮನಾಗಿ, ಕಿಟಕಿಯ ಹೊರಗೆ ನೋಡುತ್ತಾಳೆ. ನನ್ನ ಹತ್ತು ಸೆಕೆಂಡಿನಿಂದಾಗಿ ಅತ್ತೆಯ ಶಾಟು ಮಾತು ಮುಗಿದ ಮೇಲೆ ಶುರುವಾಗಿತ್ತು. ಸೊಸೆ ಹೇಳುತ್ತಾಳೆ. ಅತ್ತೆಯ ಮುಖ. ಸೋಸುವ ಕೈ ನಿಂತಿದೆ. ಕಿಟಕಿ. ಅಷ್ಟೇ. ಧಾರವಾಡದವರು ಅದನ್ನು ಲಖನೌದವರ ಜಾಣತನವೆಂದು ತಿಳಿದಿದ್ದರಂತೆ. ಹೊಸಬ ಆದರೂ ಮಾತು ಬಿಟ್ಟು ಮೌನ ಆರಿಸಿದ್ದಾನಲ್ಲ ಎಂದು ಖುಷಿಪಟ್ಟು, ಅದರ ಸುತ್ತಲೇ ಇಡೀ ದೃಶ್ಯ ಕಟ್ಟಿದ್ದರಂತೆ.

ಈಗ ಅವರು ಆ ಉದ್ದ ಮಾತನ್ನು ಹಾಕಿ ಒಂದು ಸಲ ನೋಡಿದರು. ತೆಗೆದು ಇನ್ನೊಂದು ಸಲ ನೋಡಿದರು. ನನ್ನ ಕಡೆಗಾಗಲಿ, ಲಖನೌದವರ ಕಡೆಗಾಗಲಿ ತಿರುಗಲಿಲ್ಲ. ಆಮೇಲೆ ಹಾಗೇ ಬಿಟ್ಟು ಮುಂದಿನ ದೃಶ್ಯಕ್ಕೆ ಹೋದರು.

ಮೂರು ಗಂಟೆಗೆ ಮೇಡಂ ಕಂತು ನೋಡಲು ಕೂತರು. ಆ ಜಾಗ ಬಂದಾಗ ಕೈಯೆತ್ತಿ ನಿಲ್ಲಿಸಿದರು. ಅತ್ತೆಯ ಮಾತು ಎಲ್ಲಿ? ಅದನ್ನು ಬರೆದವರಿಗೆ ಏನು ಹೇಳಲಿ? ಆಡಿದ ನಟಿಗೆ ಏನು ಹೇಳಲಿ? ಹಾಕುವುದಾದರೆ ಎರಡು ನಿಮಿಷದ ಕೆಲಸ ಎಂದು ನಮಗೆಲ್ಲ ಗೊತ್ತಿತ್ತು. ಸೋಮವಾರ ಯಾವ ಕುರ್ಚಿ ಎನ್ನುವುದು ಇನ್ನೂ ತೀರ್ಮಾನವಾಗದ ಮನುಷ್ಯ ಹಾಕಿಬಿಡುತ್ತಾರೆ ಎಂದೇ ನಾನು ತಿಳಿದಿದ್ದೆ. ಧಾರವಾಡದವರು ತಮ್ಮ ಒರಟು ಹಿಂದಿಯಲ್ಲಿ, ಆ ಮಾತು ಬೇಡ, ಆ ಮುಖ ಅದನ್ನೆಲ್ಲ ಹೇಳಿಯಾಗಿದೆ ಎಂದರು. ನಾಳೆ ನನ್ನನ್ನು ತೆಗೆದರೂ ಇದನ್ನು ಮಾತ್ರ ತೆಗೆಯಬೇಡಿ ಎಂದೂ ಹೇಳಿದರು ಎಂದು ನನ್ನ ನೆನಪು. ಅವರನ್ನು ಎಷ್ಟೋ ವರ್ಷಗಳ ನಂತರ ಕೇಳಿದಾಗ, ಅಂಥ ಸಿನಿಮಾ ಡೈಲಾಗು ನಾನು ಹೊಡೆದಿಲ್ಲ, ಗಡಿಯಾರ ನೋಡಿ “ಟೈಮಿಲ್ಲ” ಅಂದೆ ಅಷ್ಟೇ ಎಂದರು. ಎರಡರಲ್ಲಿ ಯಾವುದನ್ನಾದರೂ ಇಟ್ಟುಕೊಳ್ಳಬಹುದು. ಮೇಡಂ ಅದನ್ನು ಇನ್ನೊಂದು ಸಲ ಓಡಿಸಿ ನೋಡಿದರು ಎಂಬುದರಲ್ಲಿ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ನೋಡಿ, ತಮ್ಮ ಅತ್ತೆ ಹೀಗೇ ಚಹಾ ಸೋಸುತ್ತಿದ್ದರು ಎಂದು ಗುಜರಾತಿಯಲ್ಲಿ ಏನೋ ಹೇಳಿಕೊಂಡು, ಹೋಗಲಿ ಬಿಡಿ, ಹೊರಡಿ ಎಂದರು.

ಧಾರವಾಡದವರು ಟೇಪಿನ ಪೆಟ್ಟಿಗೆ ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿದು ಐದು ನಿಮಿಷವಾಗಿತ್ತು. ಕಂತಿನ ಜೊತೆಗೆ ಕೊಡಬೇಕಾದ ಕಾಗದ, ಯಾವ ಭಾಗ ಎಷ್ಟು ನಿಮಿಷ ಎಂದು ನಾನೇ ತುಂಬಿದ್ದು, ಮೇಜಿನ ಮೇಲೇ ಇತ್ತು. ಅದಿಲ್ಲದೆ ಅಲ್ಲಿ ಟೇಪು ತೆಗೆದುಕೊಳ್ಳುವುದಿಲ್ಲ. ನಾನು ಓಡಿದ್ದು ಆಗ. ಗಲ್ಲಿ, ಮಾರ್ಕೆಟ್ಟು, ಬಾಳೆಹಣ್ಣಿನ ಗಾಡಿಗಳು, ಸೇತುವೆಯ ಮೆಟ್ಟಿಲು. ಮೇಲಿನಿಂದಲೇ ಕಂಡಿತು: ಚರ್ಚ್‌ಗೇಟಿನ ಲೋಕಲ್ ನಿಂತಿದೆ, ಅವರು ಬಾಗಿಲ ಕಂಬ ಹಿಡಿದಿದ್ದಾರೆ. ಕೂಗಿದೆ. ಯಾವ ಹೆಸರು ಕೂಗಿದೆನೋ, ಧಾರವಾಡ ಎಂದೇ ಕೂಗಿರಬೇಕು. ನಾಲ್ಕು ಜನ ತಿರುಗಿ ನೋಡಿದರು, ಅದರಲ್ಲಿ ಅವರೂ ಒಬ್ಬರು. ಗಾಡಿ ಹೊರಟಿತ್ತು. ಕಾಗದ ಅವರ ಕೈಗೆ ಹೋಯಿತು. ಕೊನೆಯಲ್ಲಿ ಕೈ ಚಾಚಿ ಕೊಟ್ಟೆನೋ, ನಡುವೆ ನಿಂತ ಯಾರೋ ತೆಗೆದು ದಾಟಿಸಿದರೋ ಈಗ ಹೇಳಲಾರೆ. ಅವರು ಅದನ್ನು ಬಿಡಿಸಿ ನೋಡಿ, ಬಾಗಿಲಿನಿಂದ ಹೊರಗೆ ಬಾಗಿ ಕೂಗಿದರು:

“ಇದರಾಗ ಒಂಬತ್ತ ಎಲ್ಲೆರ ಅದಾವೇನ್ರೀ?”

ಇಲ್ಲ ಎಂದು ನಾನು ಪ್ಲ್ಯಾಟ್‌ಫಾರ್ಮಿನಿಂದಲೇ ಎರಡೂ ಕೈ ಆಡಿಸಿದೆ.

ಐದಕ್ಕೆ ಹತ್ತು ನಿಮಿಷವಿರುವಾಗ ಟೇಪು ಕೊಟ್ಟಾಯಿತು ಎಂದು ಅವರು ಬೂತಿನಿಂದ ಫೋನು ಮಾಡಿದರು. ಮೇಡಂ ಸರಿ ಎಂದಷ್ಟೇ ಹೇಳಿ ಇಟ್ಟರು. ಸರಿ ಎಂದರೆ ಏನು ಎಂಬುದನ್ನು ಯೋಚಿಸುತ್ತ ನಾವಿಬ್ಬರೂ ಶನಿವಾರ, ಭಾನುವಾರ ಕಳೆದೆವು. ಅವರು ಅವರ ಖೋಲಿಯಲ್ಲಿ, ನಾನು ಕುರ್ಲಾದಲ್ಲಿ. ಭಾವನನ್ನು ಕೂರಿಸಿಕೊಂಡು ಹಿಂದಿಯ ಅಂಕಿಗಳನ್ನು ಒಂದರಿಂದ ನೂರರವರೆಗೆ ಬಾಯಿಪಾಠ ಮಾಡಿದೆ. ಬ್ಯಾಂಕಿನಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿದ ಭಾವನೇ ಎಪ್ಪತ್ತೊಂಬತ್ತಕ್ಕೂ ಎಂಬತ್ತೊಂಬತ್ತಕ್ಕೂ ತಡವರಿಸಿ, ಅಕ್ಕನ ಮುಂದೆ ಕೆಮ್ಮಿದರು.

ಸೋಮವಾರ ಬೆಳಿಗ್ಗೆ ನಾನು ಮೇಡಂ ಎದುರು ನಿಂತು, ಶುಕ್ರವಾರ ಡಬ್ಬಾ ಕೆಟ್ಟಿರಲಿಲ್ಲ, ನಾನು ಕೆಡಿಸಿದ್ದು ಎಂದು ಹೇಳಿದೆ. ಅವರಿಗೆ ಆಗಲೇ ಗೊತ್ತಿತ್ತು. ಗ್ರಾಂಟ್ ರೋಡಿನ ಅಂಗಡಿ ಸುಮ್ಮನಿರುತ್ತದೆಯೇ? ಅವರು ಬೈಯಲಿಲ್ಲ. ಇನ್ನು ಮೇಲೆ ಲಖನೌದವರು ಒಂದೊಂದೇ ಅಂಕಿ ಬಿಡಿಸಿ ಹೇಳಬೇಕು, ಉನ್‌ಸಠ್ ಅಲ್ಲ, ಪಾಂಚ್ ನೌ ಎಂದರು. ಲಖನೌದವರಿಗೆ ಇದು ಭಾಷೆಗೆ ಮಾಡಿದ ಅವಮಾನ ಅನ್ನಿಸಿತು, ಗೊಣಗಿಕೊಂಡು ಒಪ್ಪಿದರು.

ಟಿಕೆಟ್ಟು ಮೊದಲೇ ಆಗಿದ್ದರಿಂದ ಮದರಾಸಿನಿಂದ ಬಂದೇಬಿಟ್ಟ ದೊಡ್ಡ ಎಡಿಟರ್ ಹಾಲಿನಲ್ಲಿ ಕೂತು ಕಾಫಿ ಕುಡಿದು, ಕಂತು ನೋಡಿದರು. ಆ ಚಹಾದ ದೃಶ್ಯ ಬಂದಾಗ ಲೋಟ ಕೆಳಗಿಟ್ಟರು. ಮುಗಿದ ಮೇಲೆ ಎದ್ದು ಎಡಿಟಿಂಗ್ ರೂಮಿನೊಳಗೆ ಹೋಗಿ, ಕಪಾಟಿನಲ್ಲಿದ್ದ ತಮ್ಮ ಕನ್ನಡಕದ ಡಬ್ಬಿ, ಬಾಚಣಿಗೆ, ಒಂದು ಶಾಲು ತೆಗೆದುಕೊಂಡು ಹೊರಗೆ ಬಂದರು. ಬೇರೆ ಸ್ಟುಡಿಯೋದಲ್ಲಿ ದೊಡ್ಡ ಕೆಲಸ ಬಂದಿದೆ ಎಂದರು. ಬಂದಿತ್ತೋ, ಇಲ್ಲವೋ. ಧಾರವಾಡದವರು ಅವರ ಕಾಲಿಗೆ ನಮಸ್ಕಾರ ಮಾಡಿದರು.

ಎರಡನೆಯ ಕಂತಿನ ಟೇಪುಗಳು ಮಧ್ಯಾಹ್ನ ಬಂದವು. ಇದನ್ನು ಪಟ್ಟಿಗೆ ಹಾಕಲು ಹಿಂದಿಯವರು ಯಾರನ್ನಾದರೂ ಕರೆಯೋಣವೇ ಎಂದು ಮೇಡಂ ಕೇಳಿದ್ದು ನನಗೆ ಅಡುಗೆಮನೆಯಲ್ಲಿ ಕೇಳಿಸಿತು. ಧಾರವಾಡದವರು ಬೇಡ ಎಂದರು. ಕಾರಣವನ್ನು ಹಿಂದಿಯಲ್ಲಿ ಏನು ಹೇಳಿದರೋ, ಮೇಡಂ ನಕ್ಕರು. ಆಮೇಲೆ ಧಾರವಾಡದವರು ಟೇಪುಗಳನ್ನು ತಾವೇ ಹೊತ್ತು ತಂದು ನನ್ನ ಮೇಜಿನ ಮೇಲೆ ಇಳಿ‌ಸಿ, ಕನ್ನಡದಲ್ಲಿ ಹೇಳಿದರು:

“ಬ್ಯಾರೆದವ್ರು ಬಂದ್ರ ತಪ್ಪ ಎಲ್ಲೆರ ಮಾಡ್ತಾರ. ನೀವು ಎಲ್ಲಿ ಮಾಡ್ತೀರಿ ಅಂತ ನನಗ ಗೊತ್ತದ.”